ಹಿಂದ ತೋರಸು, ನೋಡೂಣು

ಈ ವಾರದ ಪತ್ರಗಳಲ್ಲಿ ಅತ್ತೆ-ಸೊಸೆ ಜಗಳ ನಾಲ್ಕು, ಸೈಟ್ ಜಗಳ ಎರಡು ಇದ್ವು. ಅವೆಲ್ಲ ಮುಂದಿನ ವಾರಕ್ಕಿರ್ಲಿ, ಧಾರವಾಡದಿಂದ ಬೆಂಗಳೂರಿಗೆ ಮದುವೆಯಾಗಿ ಬಂದ ಒಬ್ಬ ಹೆಣ್ಮಗಳ ಪತ್ರ ಓದಿದ್ಮೇಲೆ ಬೇರೆ ಯಾವುದಕ್ಕೂ ಕೈ ಹೋಗ್ತಾ ಇಲ್ಲ.

ವಿಷಯ ಇಷ್ಟು. ವಯಸ್ಸು 46. ಚಿಕ್ಕಂದಿನಲ್ಲೇ ಸೋದರತ್ತೆ ಹತ್ರ ಕಸೂತಿ ಕಲ್ತಿದ್ದಾರೆ. 2020ರಲ್ಲಿ ಟಿಕ್‌ಟಾಕ್ ಬ್ಯಾನ್ ಆಗಿ ಅದರ ಬೆನ್ನಿಗೇ ರೀಲ್ಸ್ ಬಂತಲ್ಲ, ಆಗ ನಾದಿನಿ ಮಗ ಇವರ ಕೆಲಸನ ವಿಡಿಯೋ ಮಾಡಿ ಹಾಕ್ದ, ಜನ ಮೆಚ್ಚಿದ್ರು, ಆರ್ಡರ್ ಬಂತು, ಈಗ ತಿಂಗಳಿಗೆ ಎಂಟು-ಒಂಬತ್ತು ಸಾವಿರ ಕೈಗೆ ಸಿಗುತ್ತೆ. ಆದ್ರೆ ತಮಗೇ ಅಂತ ಶುರು ಮಾಡಿದ ಕಪ್ಪು ಚಂದ್ರಕಾಳಿ ಸೀರೆ ಮೂರು ವರ್ಷದಿಂದ ಬೀರುವಿನಲ್ಲಿ ಅರ್ಧಕ್ಕೇ ಕೂತಿದೆ. ಸೂಜಿ ಹಿಡಿದ್ರೆ ಸಾಕು, ಇದು ವಿಡಿಯೋದಲ್ಲಿ ಹೇಗೆ ಬರುತ್ತೆ ಅನ್ನೋದೇ ತಲೇಲಿ. "ಅಕ್ಕಾ, ಪೇಜ್ ಮುಚ್ಚಿಬಿಟ್ಟು ನನ್ನ ಖುಷಿಗೆ ಮಾತ್ರ ಹಾಕೋತ ಕೂಡ್ಲಾ?" ಅಂತ ಕೇಳಿದ್ದಾರೆ.

ತಂಗೀ, ಪೇಜ್ ಮುಚ್ಚೋದು ಬಿಡೋದು ಆಮೇಲೆ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಕಂಸದೊಳಗೆ ಒಂದು ಸಾಲು ತುರುಕಿದೀರಲ್ಲ, "ಈಗೀಗ ಟೈಮ್ ಸಾಲಲ್ಲ ಅಂತ ಹಿಂದೆ ಗಂಟು ಹಾಕಿ ಕತ್ತರಿಸ್ತೀನಿ, ವಿಡಿಯೋದಲ್ಲಿ ಹೇಗೂ ಕಾಣಲ್ಲ" ಅಂತ, ನಾನು ಆ ಸಾಲನ್ನ ಮೂರು ಸಲ ಓದ್ದೆ. ಉಳಿದ ಎರಡು ಪುಟ ಬರೀದೇ ಇದ್ರೂ ನಡೀತಿತ್ತು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಬಟ್ಟೆ ಮೇಲೆ ಚಿತ್ರ ಬರ್ಕೊಳ್ಳೋ ಹಾಗಿಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ತೊಟ್ಟಿಲು, ಅಂಬಾರಿ ಆನೆ ಎಲ್ಲಾ ಬರಬೇಕು. ಗವಂತಿಯಲ್ಲಿ ಒಂದು ಹೊಲಿಗೆ ಮೇಲೆ ಒಂದು ಹೊಲಿಗೆ ಕೆಳಗೆ ಅಂತ ಹೋಗ್ತಾ ಹೋಗ್ತಾ ಖಾಲಿ ಬಿಟ್ಟ ಜಾಗಾನೆಲ್ಲ ವಾಪಸ್ ಬರ್ತಾ ತುಂಬಬೇಕು, ಎಲ್ಲಿಂದ ಹೊರಟ್ವೋ ಅಲ್ಲಿಗೇ ಬಂದು ಸೇರಬೇಕು, ಎಣಿಕೆ ಒಂದು ತಪ್ಪಿದ್ರೂ ಬಿಚ್ಚಬೇಕು. ದಾರದ ತುದೀನ ಹೊಲಿಗೆಯೊಳಗೇ ಅಡಗಿಸಬೇಕು, ಗಂಟು ಅನ್ನೋ ಮಾತೇ ಇಲ್ಲ. ಹಾಗಾಗಿ ಗವಂತಿ ಮುರಗಿ ಎರಡೂ ಮುಂದೆ ಹೇಗೋ ಹಿಂದೆನೂ ಹಾಗೇ. ಮೆಂತಿ ಬಿಡಿ, ಅದರ ಹಿಂಭಾಗ ಬೇರೆನೇ ಇರುತ್ತೆ.

ನಮ್ಮ ದೊಡ್ಡಮ್ಮ ಮಧ್ಯಾಹ್ನ ಊಟ ಆದ್ಮೇಲೆ ಪಡಸಾಲೇಲಿ ಕೂತು ಹಾಕೋರು, ಓಣಿಯ ಇನ್ನೂ ಮೂರ್ನಾಕು ಹೆಂಗಸರು ತಂತಮ್ಮ ಸೆರಗು ಹಿಡ್ಕೊಂಡು ಬರೋರು. ಯಾರಾದ್ರೂ ಹೊಸಾದು ತಂದ್ರೆ ದೊಡ್ಡಮ್ಮ ಚೆಂದ ಇದೆ ಅಂತ ಅಂತಿರ್ಲಿಲ್ಲ. "ಹಿಂದ ತೋರಸು, ನೋಡೂಣು" ಅನ್ನೋರು. ಸೆರಗು ಹೊಳ್ಳಿಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಸಲ ಸವರೋರು. ಗಂಟು ಸಿಕ್ತೋ, ಮಾತಾಡದೇ ವಾಪಸ್ ಕೊಡೋರು, ಅದಕ್ಕಿಂತ ಬೈದಿದ್ರೇ ವಾಸಿ ಅನಿಸ್ತಿತ್ತು.

ಅದಕ್ಕೇ ಈ "ನನಗೋಸ್ಕರ ಮಾಡಬೇಕಾ, ನೋಡೋರಿಗೋಸ್ಕರ ಮಾಡಬೇಕಾ" ಅನ್ನೋ ಪ್ರಶ್ನೆ ನನಗೆ ಅಷ್ಟು ಸರಿ ಕಾಣಲ್ಲ. ಕಸೂತಿ ಯಾವತ್ತು ಒಬ್ಬರೇ ಬಾಗಿಲು ಹಾಕ್ಕೊಂಡು ಮಾಡೋ ಕೆಲಸ ಆಗಿತ್ತು ಹೇಳಿ? ನೋಡೋರು ಆಗ್ಲೂ ಇದ್ರು, ಆದ್ರೆ ಹೊಳ್ಳಿಸಿ ನೋಡೋರು. ಈಗ ನಿಮ್ಮ ಪೇಜ್ ನೋಡೋರು ಹನ್ನೊಂದು ಸಾವಿರ ಜನ ಇದ್ರೂ ಒಬ್ಬರೂ ಹೊಳ್ಳಿಸಲ್ಲ, ಅವರಿಗೆ ಹೊಳ್ಳಿಸೋಕೆ ಆಗೋದೇ ಇಲ್ಲ, ಪಾಪ ಅವರ ತಪ್ಪಲ್ಲ. ಕಸೂತಿಗೆ ಜಿಐ ಟ್ಯಾಗ್ ಕೂಡ ಇದೆ, ಅಂದ್ರೆ ಇದು ಈ ಸೀಮೆಯದ್ದೇ ಅನ್ನೋ ಸರ್ಕಾರಿ ಗುರುತು, ಹಾಗಂತ ಟ್ಯಾಗ್ ಹಿಡ್ಕೊಂಡು ಯಾರೂ ನಿಮ್ಮ ಮನೆಗೆ ಬಂದು ಹಿಂದೆ ಸವರಿ ನೋಡಲ್ಲ. ನಾನೂ ಸಾಚಾ ಅಲ್ಲ ಬಿಡಿ, ಈ ಅಂಕಣದಲ್ಲೂ ಯಾವ ಸಾಲನ್ನ ಜನ ಸ್ಕ್ರೀನ್‌ಶಾಟ್ ತೆಗೀತಾರೆ ಅಂತ ಲೆಕ್ಕ ಹಾಕಿ ಬರೆದದ್ದಿದೆ, ಹಾಗೆ ಬರೆದ ಸಾಲು ಮೂರು ತಿಂಗಳಾದ್ಮೇಲೆ ಓದಿದ್ರೆ ನನಗೇ ಮುಜುಗರ.

ಇನ್ನು ನಾದಿನಿ ಮಗ. ಅವನನ್ನ ಬೈತೀನಿ ಅಂದ್ಕೊಂಡಿದ್ರಾ? ಇಲ್ಲ, ಹುಡುಗ ಒಳ್ಳೇದೇ ಮಾಡಿದಾನೆ, ಆ ಎಂಟು ಸಾವಿರ ನಿಮ್ಮ ಸ್ವಂತ ದುಡ್ಡು, ಅದನ್ನ ಕಳ್ಕೊಳ್ಳಿ ಅಂತ ನಾನಂತೂ ಹೇಳಲ್ಲ. ನನಗೆ ಸಿಟ್ಟು ಬಂದಿದ್ದು ನಿಮ್ಮ ಯಜಮಾನರ ಮೇಲೆ. "ನಮ್ಮವರು ತುಂಬಾ ಸಪೋರ್ಟ್, ದಿನಾ ರಾತ್ರಿ ಊಟಕ್ಕೆ ಕೂತಾಗ ಇವತ್ತು ಎಷ್ಟು ವ್ಯೂಸ್ ಅಂತ ಅವರೇ ಓದಿ ಹೇಳ್ತಾರೆ" ಅಂತ ಹೆಮ್ಮೆಯಿಂದ ಬರೆದಿದೀರಿ. ಇದಾ ಸಪೋರ್ಟು? ಊಟದ ತಟ್ಟೆ ಮುಂದೆ ಲೆಕ್ಕ ಮಾತಾಡಬಾರದು ಅನ್ನೋದು ನನ್ನ ಹಳೇ ಹಠ, ಈ ಅಂಕಣ ಓದೋರಿಗೆಲ್ಲ ಕೇಳಿ ಕೇಳಿ ಸಾಕಾಗಿದೆ, ಮಕ್ಕಳ ಮಾರ್ಕ್ಸು, ಸೊಸೆ ತೂಕ, ಅಳಿಯನ ಸಂಬಳ, ಈಗ ಇದೊಂದು. ಅವರು ಆ ಸೀರೆ ಎಲ್ಲಿವರೆಗೆ ಬಂತು ಅಂತ ಮೂರು ವರ್ಷದಲ್ಲಿ ಒಂದು ಸಲ ಕೇಳಿದಾರಾ? ಕೇಳಿದ್ರೆ ನೀವು ಬರೀತಿದ್ರಿ.

ಇನ್ನೊಂದು. "ಸೋದರತ್ತೆಗೆ ಈಗ ಎಂಬತ್ತು ದಾಟಿದೆ, ಊರಿಗೆ ಹೋದಾಗಲೆಲ್ಲ ನನ್ನ ಕೆಲಸ ಒಯ್ದು ತೋರಿಸೋದು ಮರೆತೇ ಹೋಗುತ್ತೆ" ಅಂದಿದೀರಿ. ಮರೆತು ಹೋಗೋದಾ ತಂಗೀ? ಬ್ಯಾಗಲ್ಲಿ ಅವರಿಗೆ ಮೊಣಕಾಲಿಗೆ ಎಣ್ಣೆ, ಮಾತ್ರೆ, ಹತ್ತಿ ನೈಟಿ ಎಲ್ಲಾ ನೆನಪಿಂದ ಒಯ್ತೀರಂತೆ, ಅದನ್ನೂ ನೀವೇ ಬರೆದಿದ್ದು. ಆ ಒಬ್ಬರ ಕೈಗೆ ಕೊಡೋಕೆ ನಿಮಗೆ ಹೆದರಿಕೆ. ಹನ್ನೊಂದು ಸಾವಿರ ಜನರ ಮುಂದೆ ಇಲ್ಲದ ಹೆದರಿಕೆ ಆಯಮ್ಮ ಒಬ್ಬರ ಮುಂದಿದೆ, ಅದನ್ನ ಕಳ್ಕೋಬೇಡಿ, ನಿಮ್ಮ ಹತ್ರ ಉಳಿದಿರೋ ಗಟ್ಟಿ ಆಸ್ತಿ ಅಂದ್ರೆ ಅದೇ.

ಪೇಜ್ ಇರ್ಲಿ. ಆರ್ಡರ್ ತಗೊಳ್ಳಿ, ಆರ್ಡರಿನ ಬಟ್ಟೆಗೆ ಎಷ್ಟು ಅಚ್ಚುಕಟ್ಟು ಅನ್ನೋದು ನಿಮಗೂ ದುಡ್ಡು ಕೊಡೋರಿಗೂ ಬಿಟ್ಟಿದ್ದು. ನಾನು ಮಾಡಿ ಅಂತ ಹೇಳೋದು ಒಂದೇ. ನಾಳೆ ಮಧ್ಯಾಹ್ನ ಆ ಕಪ್ಪು ಸೀರೆ ಹೊರಗೆ ತೆಗೀರಿ, ಫೋನ್ ಬೇರೆ ರೂಮಲ್ಲಿರ್ಲಿ, ಸೆರಗು ಹೊಳ್ಳಿಸಿ ಹಾಕಿದ ಗಂಟು ಎಲ್ಲೆಲ್ಲಿದೆ ನೋಡಿ ಒಂದೊಂದೇ ಬಿಚ್ಚಿ. ಸೆರಗಲ್ಲಿ ಅರ್ಧಕ್ಕೆ ನಿಂತ ತುಳಸಿ ಕಟ್ಟೆ ಚಿತ್ತಾರದಿಂದಲೇ ಮತ್ತೆ ಎಣಿಸೋಕೆ ಶುರು ಮಾಡಿ. ಸೀರೆ ಮುಗಿಯೋವರೆಗೂ ಅದರದ್ದೊಂದು ಫೋಟೋನೂ ಬೇಡ. ಮುಗಿದ್ಮೇಲೆ ಉಡೋಕ್ಕಿಂತ ಮೊದ್ಲು ಧಾರವಾಡದ ಬಸ್ ಹತ್ತಿ, ಸೋದರತ್ತೆ ತೊಡೆ ಮೇಲಿಟ್ಟು, ಅವರು ಕನ್ನಡಕ ಹುಡುಕ್ಕೊಂಡು ಸೆರಗು ಹೊಳ್ಳಿಸೋವರೆಗೂ ಸುಮ್ನೆ ಕೂತ್ಕೊಳ್ಳಿ.

ಅಲ್ಲೀವರೆಗೆ ಯಜಮಾನರು ಇವತ್ತು ಎಷ್ಟು ಅಂತ ಶುರು ಮಾಡಿದ್ರೆ ಸಾರಿನ ಪಾತ್ರೆ ಅವರ ಕಡೆ ಸರಿಸಿ.