ಗಿರಾಕಿಗೆ ಯಾರೂ ಯಾಕೆ ಬುದ್ಧಿ ಹೇಳುವುದಿಲ್ಲ?

ಓದುಗರೊಬ್ಬರು ಬರೆದಿದ್ದಾರೆ: "ಕಾಂಡೋಮ್ ಪುಕ್ಕಟೆ ಸಿಗುತ್ತದೆ. ಆದರೂ ಲೈಂಗಿಕ ವೃತ್ತಿಯ ಹೆಂಗಸರು ಬಳಸುವುದಿಲ್ಲ. ಅವರಿಗೆ ತಿಳಿವಳಿಕೆ ಬಾರದೆ ಎಚ್‌ಐವಿ ತಡೆಯುವುದು ಹೇಗೆ?"

ತಿಳಿವಳಿಕೆ ಬೇಕು, ಒಪ್ಪೋಣ. ನಿಮ್ಮ ಕಾಳಜಿಯೂ ದೊಡ್ಡದು. ಆದರೆ ಸ್ವಾಮಿ, ಕಾಂಡೋಮ್ ಹಾಕಿಕೊಳ್ಳಬೇಕಾದವನು ಗಂಡಸು ಅಲ್ವಾ? ನಿಮ್ಮ ಪತ್ರದಲ್ಲಿ ಅವನ ಸುಳಿವೇ ಇಲ್ಲ.

ಬೇಡ ಅನ್ನುವವನು ಅವನು. ಜಾಸ್ತಿ ದುಡ್ಡಿನ ಆಸೆ ತೋರಿಸುವವನು, ಕುಡಿದು ಬಂದು ಜಗಳಕ್ಕೆ ನಿಲ್ಲುವವನೂ ಅವನೇ. ಕೋಲ್ಕತ್ತಾದ ಈ ಹೆಂಗಸರ ಗಳಿಕೆಯನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಕಾಂಡೋಮ್‌ಗೆ ಪಟ್ಟು ಹಿಡಿದವರು ಕನಿಷ್ಠ ಮೂರನೇ ಎರಡು ಪಾಲು ದುಡ್ಡು ಕಳೆದುಕೊಳ್ಳುತ್ತಿದ್ದರು. ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ತಲೆ ಮೇಲಿರುವಾಗ ಅವಳಿಗೆ ಪೋಸ್ಟರ್ ತೋರಿಸಿ ಏನು ಪ್ರಯೋಜನ?

ಒಬ್ಬಳು ಒಲ್ಲೆ ಅಂದರೆ ಗಿರಾಕಿ ಪಕ್ಕದ ಕೋಣೆಗೆ ಹೋಗುತ್ತಾನೆ. ಎಲ್ಲರೂ ಒಲ್ಲೆ ಅಂದರೆ ಎಲ್ಲಿಗೆ ಹೋದಾನು? ಥಾಯ್ಲೆಂಡ್ 1991ರಲ್ಲಿ ದೇಶಕ್ಕೆಲ್ಲ ಇದೇ ನಿಯಮ ತಂದು, ಹೊಣೆಯನ್ನು ವೇಶ್ಯಾಗೃಹಗಳ ಮಾಲೀಕರ ಮೇಲೆ ಹಾಕಿತು. 1989ರಲ್ಲಿ ಶೇ. 14ರಷ್ಟಿದ್ದ ಬಳಕೆ ಕೆಲವೇ ವರ್ಷಗಳಲ್ಲಿ ಶೇ. 90 ದಾಟಿತು. ಅಲ್ಲಿ ಪೊಲೀಸರ ಬಲವೂ ಸೇರಿತ್ತು, ಅದು ನನಗೆ ಅಷ್ಟು ಹಿಡಿಸುವುದಿಲ್ಲ. ಕೋಲ್ಕತ್ತಾದ ವೇಶ್ಯಾವಾಟಿಕೆಯ ಕೇರಿ ಸೋನಾಗಾಚಿಯವರ ದಾರಿ ನನಗೆ ಹೆಚ್ಚು ಇಷ್ಟ. 1992ರಲ್ಲಿ ಡಾ. ಸ್ಮರಜಿತ್ ಜಾನಾ ಅಲ್ಲಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. 1995ರಲ್ಲಿ ಅವರದೇ ಸಂಘ ದುರ್ಬಾರ್, ಉಳಿತಾಯಕ್ಕೂ ಸಾಲಕ್ಕೂ ಅವರದೇ ಸಹಕಾರ ಸಂಘ ಉಷಾ ಹುಟ್ಟಿದವು. ಬಡ್ಡಿಯವರ ಕಾಟ ತಪ್ಪಿದವಳಿಗೆ ಹಟಮಾರಿ ಗಿರಾಕಿಯನ್ನು ವಾಪಸ್ ಕಳಿಸುವ ಧೈರ್ಯ ಬರುತ್ತದೆ.

ಇನ್ನು ಪೊಲೀಸರು. ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕರೆ ಅದನ್ನೇ ಸಾಕ್ಷಿ ಮಾಡುವ ಪದ್ಧತಿ ನ್ಯೂಯಾರ್ಕ್‌ನಲ್ಲೂ ಇತ್ತು. ಹಾಗೆ ಮಾಡಬಾರದೆಂದು ಭಾರತದ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ಹಿಡಿದುಕೊಂಡು ಹೋಗುತ್ತಾರೆ ಅನ್ನುವ ಭಯ ಇದ್ದರೆ ಯಾವಳು ಜೊತೆಗಿಟ್ಟುಕೊಳ್ಳುತ್ತಾಳೆ? ನ್ಯೂಜಿಲೆಂಡ್ 2003ರಲ್ಲೇ ಗಿರಾಕಿಯನ್ನೂ ಕಾನೂನಿನೊಳಗೆ ತಂದಿತು. ಕಾಂಡೋಮ್ ಬಳಸದಿದ್ದರೆ ಅವನಿಗೂ ದಂಡ.

ಈ ಚಾಳಿ ಇಲ್ಲಿಗೇ ನಿಲ್ಲುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಗಂಡಸಿಗೆ ಸುಲಭ, ಆದರೂ ಮಾಡಿಸಿಕೊಳ್ಳುವವಳು ಹೆಂಡತಿ. ಮಕ್ಕಳಾಗದಿದ್ದರೆ ಮೊದಲ ಪರೀಕ್ಷೆಯೂ ಅವಳಿಗೇ. ಮೈ ಇಬ್ಬರದು, ಉಪದೇಶ ಮಾತ್ರ ಒಬ್ಬಳಿಗೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೀವು ಚೆನ್ನಾಗಿ ಬರೆಯುತ್ತೀರಿ. ಮುಂದಿನ ಪತ್ರವನ್ನು ಗಿರಾಕಿಗಳಿಗೇ ಬರೆಯಿರಿ. ಪೂರ್ತಿ ಪುಟ ಕೊಡುತ್ತೇನೆ.

— ಸಂಪಾದಕ