ಮರ ಎರಡರಷ್ಟು ದಪ್ಪವಾದರೆ ನೀರೂ ಎರಡರಷ್ಟೇ?

ಪ್ರಶ್ನೆ: ನಮ್ಮ ತೋಪಿನಲ್ಲಿ ತೇಗ, ಮಹಾಗನಿ ಬೆಳೆಸಿದ್ದೇವೆ. ಕೆಲವು ಮರಗಳು ಪಕ್ಕದವುಗಳ ಎರಡರಷ್ಟು ದಪ್ಪವಾಗಿವೆ. ಅವು ನೀರನ್ನೂ ಎರಡರಷ್ಟು ಹೀರುತ್ತವೆಯೇ? ನೀರು ಉಳಿಸಲು ದೊಡ್ಡ ಮರಗಳನ್ನೇ ಮೊದಲು ಕಡಿಯಬೇಕೇ?

ಉತ್ತರ: ಕೊಡಲಿ ಎತ್ತುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ದೊಡ್ಡ ಮರಕ್ಕೆ ಹೆಚ್ಚು ನೀರು ಬೇಕು ಎಂಬುದು ನಿಜ. ಪನಾಮದ ಕಾಡಿನಲ್ಲಿ ಕ್ರೇನ್ ನೆರವಿನಿಂದ ಐದು ಜಾತಿಯ ಎತ್ತರದ ಮರಗಳನ್ನು ಅಭ್ಯಾಸ ಮಾಡಿದಾಗ, ಒಂದೊಂದು ಮರ ದಿನಕ್ಕೆ ಬಳಸಿದ ನೀರು 46 ಕಿಲೋದಿಂದ 750 ಕಿಲೋವರೆಗೆ ಇತ್ತು. ಕಾಂಡ ದಪ್ಪವಾದಂತೆ ಬಳಕೆಯೂ ಏರಿತ್ತು. ಜಾತಿ ಯಾವುದೆಂಬುದು ಅಷ್ಟು ಮುಖ್ಯವಾಗಿರಲಿಲ್ಲ.

ಆದರೆ ಏರಿಕೆಯ ಲೆಕ್ಕ ನೀವು ಊಹಿಸಿದಷ್ಟು ನೇರವಲ್ಲ. ನೀರು ಇಡೀ ಕಾಂಡದಲ್ಲಿ ಹರಿಯುವುದಿಲ್ಲ, ತೊಗಟೆಯ ಒಳಗಿನ ತಿಳಿಬಣ್ಣದ ಕಟ್ಟಿಗೆಯಲ್ಲಿ ಮಾತ್ರ ಹರಿಯುತ್ತದೆ. ನಡುವಿನ ಗಾಢಬಣ್ಣದ ಚೇಗು ಮರವನ್ನು ಎತ್ತಿ ನಿಲ್ಲಿಸುತ್ತದೆ, ನೀರು ಸಾಗಿಸುವುದಿಲ್ಲ. ಕಡಿದ ತೇಗದ ಬುಡದಲ್ಲಿ ಈ ಎರಡು ಬಣ್ಣಗಳನ್ನು ನೀವೇ ನೋಡಿರುತ್ತೀರಿ. ಒಂದು ಮರದ ವ್ಯಾಸ 20 ಸೆಂ.ಮೀ., ಇನ್ನೊಂದರದು 40 ಸೆಂ.ಮೀ., ಎರಡರಲ್ಲೂ ತಿಳಿಬಣ್ಣದ ಪಟ್ಟಿ 4 ಸೆಂ.ಮೀ. ಎಂದುಕೊಳ್ಳಿ. ಎರಡನೆಯ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾದರೂ ನೀರು ಸಾಗಿಸುವ ಭಾಗ ಕೇವಲ 2.25 ಪಟ್ಟು! ಆ ಪಟ್ಟಿಯಲ್ಲೂ ಒಳಗೆ ಹೋದಂತೆ ಹರಿವು ಸಾಮಾನ್ಯವಾಗಿ ನಿಧಾನವಾಗುತ್ತದೆ. ಹಾಗಾಗಿ ದಪ್ಪವೊಂದನ್ನೇ ನೋಡಿ ನೀರು ಇಷ್ಟೇ ಪಟ್ಟು ಎನ್ನಲಾಗದು.

ಇನ್ನು ನೀರನ್ನು ಮೇಲಕ್ಕೆಳೆಯುವುದು ಎಲೆ. ನೆತ್ತಿಯ ಮೇಲೆ ಬಿಸಿಲು, ಗಾಳಿ ಬೀಳುವ ಅಗಲ ಹಂದರದ (ರೆಂಬೆ-ಎಲೆಗಳ ಹರವಿನ) ಮರ ಹೆಚ್ಚು ಬಳಸುತ್ತದೆ. ನೆರಳಿನಲ್ಲಿ ಸೊರಗಿದ ಸಣ್ಣ ಮರದ ಪಾಲು ತೀರಾ ಕಡಿಮೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ತೇಗ, ಎಷ್ಟೇ ದೊಡ್ಡದಿರಲಿ, ಹೆಚ್ಚುಕಡಿಮೆ ನೀರನ್ನೇ ಬಳಸುವುದಿಲ್ಲ.

ದೊಡ್ಡವನ್ನು ಕಡಿಯಬೇಕೆಂಬ ಯೋಚನೆಯನ್ನು ದಯವಿಟ್ಟು ಬಿಡಿ. ತೆರವಾದ ಜಾಗದಲ್ಲಿ ಉಳಿದ ಮರಗಳು ರೆಂಬೆ ಚಾಚುತ್ತವೆ, ನೆಲಕ್ಕೆ ಬಿಸಿಲು ಬಿದ್ದು ಕಳೆ ಏಳುತ್ತದೆ, ಉಳಿಸಿದ ನೀರು ಕೆಲವೇ ವರ್ಷಗಳಲ್ಲಿ ಅವುಗಳ ಪಾಲಾಗುತ್ತದೆ. ಬ್ರೆಜಿಲ್‌ನ ನೀಲಗಿರಿ ತೋಪಿನಲ್ಲಿ ದೊಡ್ಡ ಮರಗಳು ಹೆಚ್ಚು ನೀರು ಬಳಸಿದರೂ, ಬಳಸಿದ ಪ್ರತಿ ಲೀಟರ್‌ಗೆ ಸಣ್ಣವುಗಳಿಗಿಂತ ಹೆಚ್ಚು ಕಟ್ಟಿಗೆ ಕೊಟ್ಟಿವೆ. ನಿಮ್ಮ ತೋಪಿನಲ್ಲೂ ನೇರ ಕಾಂಡದ ದೊಡ್ಡ ಮರಗಳನ್ನು ಉಳಿಸಿ, ಅವುಗಳ ಹಂದರಕ್ಕೆ ಒತ್ತಿ ನಿಂತ ಮಧ್ಯಮ ಗಾತ್ರದವನ್ನು ತೆಗೆಯಿರಿ. ತೀರಾ ಸಣ್ಣವನ್ನು ಕಡಿದರೆ ನೀರಿನ ಲೆಕ್ಕದಲ್ಲಿ ಹೆಚ್ಚೇನೂ ಬದಲಾಗದು.