ಅತ್ತೆಯ ದೂರಿನಲ್ಲಿದ್ದ ರೋಗಲಕ್ಷಣ

ದಾವಣಗೆರೆಯಲ್ಲಿ ಆಪ್ತಸಲಹೆ ನೀಡುವ ನನ್ನ ಬಳಿಗೆ, "ಕೆಲಸ ತಪ್ಪಿಸಿಕೊಳ್ಳಲು ಸುಸ್ತು ಎನ್ನುತ್ತಾಳೆ, ಸ್ವಲ್ಪ ಬುದ್ಧಿ ಹೇಳಿ" ಎಂದು ಸೊಸೆಯಂದಿರನ್ನು ಕರೆತರುವ ಕುಟುಂಬಗಳು ಆಗಾಗ ಬರುತ್ತವೆ. ಅಂಥ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇರುತ್ತದೆ. ಇನ್ನು ಕೆಲವರಿಗೆ ಆ ಮನೆಯೇ ಕಾಯಿಲೆಯಾಗಿರುತ್ತದೆ. ಇಲ್ಲಿ ಹೇಳುತ್ತಿರುವ ರೋಗ ನಮ್ಮಲ್ಲಿ ಅಷ್ಟು ಸಾಮಾನ್ಯವಲ್ಲ. ಆದರೆ ಅದನ್ನು ಸೋಗು ಎಂದು ತಿಳಿಯುವುದು ಬಹಳ ಸಾಮಾನ್ಯವಾದ್ದರಿಂದ, ಕುಟುಂಬದ ಒಪ್ಪಿಗೆ ಪಡೆದು, ಗುರುತಿನ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹಾಗೆ ಬಂದ ಒಬ್ಬ ಸೊಸೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ತವರು ಜಗಳೂರು ಕಡೆ, ಗಂಡನಿಗೆ ನಗರದಲ್ಲಿ ಸಣ್ಣ ವ್ಯಾಪಾರ. ಮೊದಲ ಭೇಟಿಗಳಲ್ಲಿ ಮಾತೆಲ್ಲ ಜಗಳದ ಸುತ್ತಲೇ ಸುತ್ತಿತು. ಅತ್ತೆಯವರ ಮಾತನ್ನೂ ಕೇಳಬೇಕೆನ್ನಿಸಿ ಅವರನ್ನು ಕರೆಸಿದೆ. ಅವರು ಕೂತವರೇ ಆರಂಭಿಸಿದರು:

"ನೋಡ್ರಿ ಮೇಡಂ, ನಸುಕಿನಾಗೆ ಎದ್ದು ಅಂಗಳ ಗುಡಿಸಿ ರಂಗೋಲಿ ಹಾಕ್ತಾಳ್ರಿ, ಆಗ ಏನೂ ಇರಲ್ಲ. ಒಲೆ ಮುಂದೆ ನಿಂತು ನಾಕು ರೊಟ್ಟಿ ಸುಡೋದ್ರೊಳಗೆ ಕಾಲು ಎಳೀತಾಳ್ರಿ. ಬಿಸಿನೀರು ಹಾಕ್ಕೊಂಡು ಬಂದ್ರೆ ಒಂದು ಕಣ್ಣು ಮಂಜು ಅಂತಾಳ್ರಿ. ಫ್ಯಾನ್ ಕೆಳಗೆ ಅರ್ಧ ತಾಸು ಕೂತ್ರೆ ಎಲ್ಲ ಸರಿಯಾಗ್ತದೆ. ಇದು ನಾಟಕ ಅಲ್ದೆ ಮತ್ತೇನ್ರಿ?"

ಅವರು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಸೊಸೆಯನ್ನು ಅವರಷ್ಟು ಸೂಕ್ಷ್ಮವಾಗಿ ಬೇರೆ ಯಾರೂ ಗಮನಿಸಿರಲಿಲ್ಲ. ಕೊನೆಯ ಪ್ರಶ್ನೆಯೊಂದನ್ನು ಬಿಟ್ಟರೆ ಆ ದೂರು ವೈದ್ಯರಿಗೆ ಕೊಡಬಹುದಾದ ವರದಿಯಂತಿತ್ತು. ಸೋಗು ಹಾಕುವವರಿಗೆ ಕೆಲಸ ಬೇಡವಾದಾಗ ನೋವು ಬರಬೇಕು. ಇಲ್ಲಿ ಅದು ಬರುತ್ತಿದ್ದದ್ದು ಮೈ ಬಿಸಿಯಾದಾಗ, ಅದೂ ಸ್ನಾನದಂತಹ ಹಿತವಾದ ಹೊತ್ತಿನಲ್ಲೂ.

ಆ ದಿನ ಜಗಳದ ವಿಷಯವನ್ನು ಅಲ್ಲಿಗೇ ಬಿಟ್ಟು, ಆಕೆಯನ್ನು ಹಳೆಯ ತೊಂದರೆಗಳ ಬಗ್ಗೆ ಒಂದೊಂದಾಗಿ ಕೇಳಿದೆ. ಹಿಂದಿನ ವರ್ಷ ಎಡಗಣ್ಣು ಹೊರಳಿಸಿದರೆ ನೋಯುತ್ತಿತ್ತು; ಬಲಗಣ್ಣಿಗೆ ಕೆಂಪಾಗಿ ಕಾಣುವ ಕುಂಕುಮ ಎಡಗಣ್ಣಿಗೆ ಮಾಸಿದಂತೆ ಕಾಣುತ್ತಿತ್ತು. ಕೆಲವು ವಾರಗಳಲ್ಲಿ ಅದು ತಾನಾಗಿ ಕಡಿಮೆಯಾಯಿತು, ಅಷ್ಟರಲ್ಲಿ ಹೊಸ ಕನ್ನಡಕವೂ ಬಂದಿತ್ತು. ಮುಂದೆ ಸೊಂಟದಿಂದ ಕೆಳಗೆ ಜೋಮು ಹಿಡಿದು ಬಹಳ ದಿನ ಬಿಡಲಿಲ್ಲ. ಆಗ ಶಕ್ತಿಯ ಇಂಜೆಕ್ಷನ್ ಕೊಡಿಸಿದರು. ರಂಗೋಲಿ ಹಾಕಲು ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುತ್ತಿತ್ತು. ಮೂತ್ರ ತಡೆಯಲಾಗದ ವಿಷಯವನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಸಹ. ಕಣ್ಣಿಗೊಬ್ಬರು, ಕಾಲಿಗೊಬ್ಬರು ಎಂದು ಬೇರೆ ಬೇರೆ ವೈದ್ಯರನ್ನು ಕಂಡಿದ್ದರಿಂದ ಎಲ್ಲ ಲಕ್ಷಣಗಳನ್ನೂ ಒಟ್ಟಿಗೆ ಕೇಳಿದವರಿರಲಿಲ್ಲ.

ಇವೆಲ್ಲವನ್ನೂ, ತಿಳಿದಷ್ಟು ದಿನಾಂಕಗಳ ಸಮೇತ, ಒಂದು ಹಾಳೆಯಲ್ಲಿ ಬರೆದುಕೊಟ್ಟು ನರರೋಗ ತಜ್ಞರಲ್ಲಿಗೆ ಕಳಿಸಿದೆ. ಆಪ್ತಸಲಹೆಗಾರರು ರೋಗನಿರ್ಣಯಕ್ಕೆ ಕೈ ಹಾಕಬಾರದೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ರೋಗದ ಹೆಸರು ಹೇಳಿರಲಿಲ್ಲ. ಆದರೆ ದೇಹವನ್ನು ಪರೀಕ್ಷಿಸದೆ ಹೆಣ್ಣೊಬ್ಬಳಿಗೆ 'ಹೊಂದಿಕೊಂಡು ಹೋಗು' ಎಂದು ಹೇಳುವುದು ಸಲಹೆಯಲ್ಲ, ಮನೆಯವರ ಪರ ವಕಾಲತ್ತು ಎಂಬುದು ನನ್ನ ನಿಲುವು.

ಮೆದುಳು ಮತ್ತು ಬೆನ್ನುಹುರಿಯ ಎಂಆರ್‌ಐ, ಬೆನ್ನುಹುರಿಯ ದ್ರವದ ಪರೀಕ್ಷೆಗಳ ಬಳಿಕ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಖಚಿತವಾಯಿತು. ಬಿ12 ಕೊರತೆ, ಕ್ಷಯ ಮತ್ತು ಇದನ್ನೇ ಹೋಲುವ ಇತರ ನರರೋಗಗಳಿಲ್ಲವೆಂದು ಮೊದಲು ನೋಡಿಕೊಂಡಿದ್ದರು. ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಹಾಗೂ ಕಣ್ಣಿನ ನರಗಳ ಮೇಲಿನ ಮಯಲಿನ್ ಎಂಬ ಪದರವನ್ನು ಹಾಳುಮಾಡುತ್ತದೆ. ವಿದ್ಯುತ್ ತಂತಿಯ ಮೇಲಿನ ರಬ್ಬರು ಕಿತ್ತುಹೋದಂತೆ ಎಂದು ಗಂಡನಿಗೆ ವಿವರಿಸಿದೆ. ಪದರ ಕಳೆದುಕೊಂಡ ನರದಲ್ಲಿ, ಮೈಯ ಶಾಖ ಅರ್ಧ ಡಿಗ್ರಿಯಷ್ಟು ಏರಿದರೂ ಸಂದೇಶ ತಡೆದು ನಿಲ್ಲಬಹುದು. ಮೈ ತಣಿದರೆ ಮತ್ತೆ ಸಾಗುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿಯೇ ಇದನ್ನು ದಾಖಲಿಸಿದ್ದಾರೆ. ಅತ್ತೆಯವರು ಕಂಡದ್ದೂ ಅದನ್ನೇ.

ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಆರಂಭವಾಗುವ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬಹುಪಾಲು ಜನರಲ್ಲಿ ಮೊದಮೊದಲು ಅದು ಬಂದು ಹೋಗುತ್ತದೆ. ಹೋದಾಗ ಗುಣವಾಯಿತೆಂದು ಮನೆಯವರು ನಂಬುತ್ತಾರೆ, ಮರಳಿ ಬಂದಾಗ ರೋಗಿಯನ್ನು ನಂಬುವುದಿಲ್ಲ. ಜೋಮು ಹಿಡಿದರೆಲ್ಲ ಇದೇ ರೋಗವೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ಒಂದು ಕಣ್ಣಿನ ದೃಷ್ಟಿ ನೋವಿನೊಂದಿಗೆ ಮಂಕಾದರೆ, ಕೈಕಾಲಿನ ಜೋಮು ಅಥವಾ ಬಲಹೀನತೆ 24 ಗಂಟೆ ದಾಟಿಯೂ ಉಳಿದರೆ, ತಾನಾಗಿ ಹೋಗುತ್ತದೆಂದು ಕಾಯದೆ ವೈದ್ಯರನ್ನು ಕಾಣಬೇಕು. ಹಿಂದೆ ಬಂದುಹೋದದ್ದನ್ನೂ ಅವರಿಗೆ ಹೇಳಬೇಕು.

ಸ್ಟೀರಾಯ್ಡ್ ಚಿಕಿತ್ಸೆಯ ನಂತರ, ಹೊಸ ದಾಳಿಗಳನ್ನು ಕಡಿಮೆ ಮಾಡುವ ಔಷಧಿ ಆರಂಭವಾಯಿತು. ಅದು ರೋಗವನ್ನು ಬೇರುಸಹಿತ ಕೀಳುವುದಿಲ್ಲ; ಮೈ ಚೆನ್ನಾಗಿದೆಯೆಂದು ನಿಲ್ಲಿಸುವಂತೆಯೂ ಇಲ್ಲ. ಮನೆಗೆ ನಾನು ಕೊಟ್ಟ ಸಲಹೆ ಸರಳವಾಗಿತ್ತು: ರೊಟ್ಟಿ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಲಿ, ಅದೂ ಒಬ್ಬಳ ಮೇಲೆಯೇ ಬೀಳದಿರಲಿ, ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು, ಏಪ್ರಿಲ್ ಮೇ ತಿಂಗಳ ನಮ್ಮೂರ ಮಧ್ಯಾಹ್ನದಲ್ಲಿ ಹೊರಗೆ ಹೋಗುವುದು ಬೇಡ. ಜ್ವರ ಅಥವಾ ಮೂತ್ರದ ಸೋಂಕು ಬಂದಾಗಲೂ ಹಳೆಯ ಲಕ್ಷಣಗಳು ಮರುಕಳಿಸಬಹುದಾದ್ದರಿಂದ ಅವನ್ನು ಕಡೆಗಣಿಸಬಾರದು.

ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆಂಬ ಮಾತು ಎದ್ದಾಗ ನಾನು ಖಾರವಾಗಿಯೇ ಉತ್ತರಿಸಿದೆ. ಮೊದಲ ಲಕ್ಷಣವೇ ಮದುವೆಯ ಬಳಿಕ ಕಾಣಿಸಿಕೊಂಡಿರುವಾಗ ತವರಿನವರು ಮುಚ್ಚಿಡುವುದಾದರೂ ಏನನ್ನು? ಇದು ಅಂಟುರೋಗವಲ್ಲ. ತಾಯಿಯಾಗಲು ಅಡ್ಡಿಯೂ ಅಲ್ಲ, ಆದರೆ ಕೆಲವು ಔಷಧಿಗಳನ್ನು ಮೊದಲೇ ಬದಲಿಸಬೇಕಾಗುವುದರಿಂದ ವೈದ್ಯರೊಂದಿಗೆ ಮಾತಾಡಿಯೇ ಮುಂದುವರಿಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವೂ ಇದೆ ಎಂದು ತಿಳಿಸಿದಾಗ, ಪ್ರಮಾಣಪತ್ರ ಮಾಡಿಸಿದರೆ ಊರಿಗೆಲ್ಲ ತಿಳಿಯುತ್ತದೆಂದು ಗಂಡ ಹಿಂಜರಿದ. ಮಾಡಿಸಬೇಕೋ ಬೇಡವೋ ಎಂಬುದನ್ನು ಹೆಂಡತಿಯೇ ನಿರ್ಧರಿಸಲಿ ಎಂದೆ.

ಈ ರೋಗದೊಂದಿಗೆ ಖಿನ್ನತೆಯೂ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಆಕೆಯ ಭೇಟಿಗಳನ್ನು ಮುಂದುವರಿಸಿದ್ದೇನೆ. ಈಗ ಆಕೆ ಒಬ್ಬಳೇ ಬರುತ್ತಾಳೆ. ಅತ್ತೆಯವರು 'ನಾಟಕ' ಎನ್ನುವುದನ್ನು ಬಿಟ್ಟಿದ್ದಾರಂತೆ. ರೊಟ್ಟಿಯ ಪಾಳಿ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.